ಮಳೆಮರದ ಕೆಳಗೊಂದು ಹಸಿರು ಬೆಂಚು

ನಮಸ್ಕಾರ. ಮುಂಬೈಯ ಈ ಮಾಟುಂಗದಲ್ಲಿ ನಿಂತು ಫಿಲ್ಟರ್ ಅಂದರೆ ಎಲ್ಲರಿಗೂ ಕಾಫಿ ನೆನಪಾಗುತ್ತದೆ. ನಾನು ತಂದಿರುವುದು ಬೇರೆ ಫಿಲ್ಟರ್, ಇನ್‌ಫ್ರಾರೆಡ್ ಫೋಟೋ ತೆಗೆಯಲು ಲೆನ್ಸಿನ ಮುಂದೆ ಹಾಕುವ ಹೋಯಾ ಆರ್72. ಬಣ್ಣ ಮಾತ್ರ ಗಟ್ಟಿ ಡಿಕಾಕ್ಷನ್‌ದೇ. ಈ ದೀಪದ ಕಡೆ ಹಿಡಿದು ನೋಡಿ, ಒಂದಿಷ್ಟು ಕಡುಗೆಂಪು ಬಿಟ್ಟರೆ ಏನೂ ಕಾಣುವುದಿಲ್ಲ. ಸೂರ್ಯನ ಕಡೆ ಮಾತ್ರ ಹಿಡಿಯಬೇಡಿ.

ಬೆಳಕಿನ ಅಲೆಯ ಉದ್ದದ ಲೆಕ್ಕದಲ್ಲಿ ನಮ್ಮ ಕಣ್ಣಿನ ಓಟ ಸುಮಾರು 700 ನ್ಯಾನೋಮೀಟರ್‌ವರೆಗೆ. ಅದರಾಚೆಯದೇ ಇನ್‌ಫ್ರಾರೆಡ್. ಈ ಗಾಜು 720ರ ಆಸುಪಾಸಿನಿಂದ ಮೇಲಿನ ಬೆಳಕನ್ನಷ್ಟೇ ಒಳಗೆ ಬಿಡುತ್ತದೆ. ಅದನ್ನು ಹಿಡಿಯುವ ಫಿಲ್ಮ್ ಬೇಕಲ್ಲ? ರೋಲೈ ಇನ್‌ಫ್ರಾರೆಡ್ 400 ಸುಮಾರು 820ರವರೆಗೆ ಹೋಗುತ್ತದೆ. ಇಲ್ಫೋರ್ಡ್ ಎಸ್‌ಎಫ್‌ಎಕ್ಸ್ 740ರ ಹತ್ತಿರವೇ ಸುಸ್ತಾಗುತ್ತದೆ. ಹಳಬರು ಇವತ್ತಿಗೂ ನೆನೆಯುವ ಕೊಡಾಕ್ ಎಚ್‌ಐಇ 900ರವರೆಗೆ ನೋಡುತ್ತಿತ್ತು. 2007ರಲ್ಲಿ ಅದರ ಕಥೆ ಮುಗಿಯಿತು.

"ಇನ್‌ಫ್ರಾರೆಡ್ ಅಂದ್ರೆ ಶಾಖ ಅಲ್ವಾ?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ನಮ್ಮ ಮೈಶಾಖ ಇರುವುದು 10,000 ನ್ಯಾನೋಮೀಟರ್ ಹತ್ತಿರ. ಈ ಫಿಲ್ಮಿಗೆ ಬಿಸಿ ಇಡ್ಲಿಯೂ ಒಂದೇ, ತಂಗಳ ಇಡ್ಲಿಯೂ ಒಂದೇ.

ಮೊದಲ ರೋಲ್ ತೆಗೆದುಕೊಂಡು ಹೋಗಿದ್ದು ಇಲ್ಲೇ ಫೈವ್ ಗಾರ್ಡನ್ಸ್ ಪಾರ್ಕಿಗೆ. ಮಳೆಗಾಲ ಮುಗಿದಿತ್ತು, ಆಕಾಶ ತೊಳೆದಿಟ್ಟ ಹಾಗಿತ್ತು. ಟ್ರೈಪಾಡ್ ನಿಲ್ಲಿಸಿದೆ. ಫಿಲ್ಟರ್ ಹಾಕಿದ ಮೇಲೆ ವ್ಯೂಫೈಂಡರ್‌ನಲ್ಲಿ ಬರೀ ಕತ್ತಲು. ಹಾಗಾಗಿ ಫಿಲ್ಟರ್ ಬಿಚ್ಚಿ ಫೋಕಸ್ ಮಾಡಬೇಕು, ಆಮೇಲೆ ಹಾಕಬೇಕು, ಆಮೇಲೆ ಕ್ಲಿಕ್. ಪ್ರತಿ ಫ್ರೇಮಿಗೂ ಇದೇ ಗೋಳು. ಅಲ್ಲಿ ಕೂತಿದ್ದ ಅಜ್ಜ ಒಬ್ಬರು ತಡೆಯಲಾರದೆ ಎದ್ದು ಬಂದರು. "ಮುಚ್ಚಳ ತೆಗೀಲೇ ಇಲ್ವಲ್ಲಪ್ಪ!"

ಮುಚ್ಚಳ ತೆಗೆದಿದ್ದೆ. ಮರೆತದ್ದು ಬೇರೆ. ಹಳೆಯ ಲೆನ್ಸುಗಳ ಮೇಲೆ, ಫೋಕಸ್ ಗೆರೆಯ ಪಕ್ಕ ಒಂದು ಕೆಂಪು ಗುರುತು ಇರುತ್ತದೆ. ಇನ್‌ಫ್ರಾರೆಡ್ ಬೆಳಕು ಕೂಡುವ ಜಾಗ ಸ್ವಲ್ಪ ಆಚೆ. ಹಾಗಾಗಿ ಫೋಕಸ್ ಮಾಡಿದಾಗ ಸಿಕ್ಕ ದೂರವನ್ನು ಆ ಗುರುತಿನ ಎದುರಿಗೆ ಸರಿಸಬೇಕು. ನಾನು ಸರಿಸಲಿಲ್ಲ. ಲೆನ್ಸಿನ ಕಿಂಡಿ ದೊಡ್ಡದಿರುವ ಎಫ್/4ರಲ್ಲಿ ತೆಗೆದದ್ದೆಲ್ಲ ಮಂಕು. ಕಿಂಡಿ ಚಿಕ್ಕದಾಗುವ ಎಫ್/11ರಲ್ಲಿ ತೆಗೆದ ನಾಲ್ಕು ಮಾತ್ರ ಬದುಕಿಕೊಂಡವು.

ಎಕ್ಸ್‌ಪೋಷರ್, ಅಂದರೆ ಫಿಲ್ಮಿಗೆ ಎಷ್ಟು ಬೆಳಕು ಬಿಡಬೇಕು ಅನ್ನುವ ವಿಷಯದಲ್ಲಿ ಬೆಳಕು ಅಳೆಯುವ ಮೀಟರ್ ನಂಬಬೇಡಿ. ಎಲೆ ಎಷ್ಟು ಇನ್‌ಫ್ರಾರೆಡ್ ಚೆಲ್ಲುತ್ತಿದೆ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಡಬ್ಬಿ ಮೇಲೆ ಫಿಲ್ಮಿನ ವೇಗ, ಅಂದರೆ ಬೆಳಕಿಗೆ ಸ್ಪಂದಿಸುವ ಶಕ್ತಿ, 400 ಅಂತ ಇದ್ದರೂ ಈ ಫಿಲ್ಟರ್ ಜೊತೆ ನಾನು 6 ಅಂತ ಲೆಕ್ಕ ಹಾಕುತ್ತೇನೆ. ಸುಡುಬಿಸಿಲಲ್ಲಿ ಎಫ್/11, ಸೆಕೆಂಡಿನ 1/15. ಆಮೇಲೆ 1/8, 1/4, ಅರ್ಧ. ಒಂದೇ ದೃಶ್ಯಕ್ಕೆ ನಾಲ್ಕು ಫ್ರೇಮು ದುಬಾರಿಯೇ. ಆದರೆ ಪುಟ್ಟ ಪುಸ್ತಕದಲ್ಲಿ ಬರೆದಿಟ್ಟುಕೊಂಡರೆ ಮುಂದಿನ ರೋಲ್‌ಗೆ ಎರಡೇ ಸಾಕು.

ಈಗ ಈ ಪ್ರಿಂಟ್ ನೋಡಿ. ಮಳೆಮರದ ಎಲೆಗಳು ಹಿಮ ಬಿದ್ದಂತೆ ಬೆಳ್ಳಗಿವೆ. ಎಲೆಯ ಪತ್ರಹರಿತ್ತು ಕೆಂಪು, ನೀಲಿ ಬೆಳಕನ್ನು ನುಂಗುತ್ತದೆ, ಇನ್‌ಫ್ರಾರೆಡ್ಡನ್ನು ಮುಟ್ಟುವುದಿಲ್ಲ. ಅದು ಎಲೆಯೊಳಗಿನ ಜೀವಕೋಶ, ಗಾಳಿಸಂದುಗಳ ನಡುವೆ ಚದುರಿ ವಾಪಸ್ ಬರುತ್ತದೆ. ಇದಕ್ಕೆ ವುಡ್ ಎಫೆಕ್ಟ್ ಅನ್ನುತ್ತಾರೆ. ಮರಕ್ಕೂ ಆ ಹೆಸರಿಗೂ ಸಂಬಂಧವಿಲ್ಲ, 1910ರಲ್ಲೇ ಇಂಥ ಫೋಟೋ ಪ್ರಕಟಿಸಿದ ರಾಬರ್ಟ್ ವುಡ್ ಎಂಬ ಭೌತವಿಜ್ಞಾನಿಯ ಹೆಸರು ಅದು.

ನನಗೆ ಮರಕ್ಕಿಂತ ಇಷ್ಟವಾದದ್ದು ಅದರ ಕೆಳಗಿನ ಬೆಂಚು. ಅದಕ್ಕೆ ಬಳಿದದ್ದೂ ಎಲೆಯಂಥದ್ದೇ ಹಸಿರು. ಕಣ್ಣಿಗೆ ಎರಡೂ ಒಂದೇ. ಪ್ರಿಂಟಿನಲ್ಲಿ ಮರ ಬಿಳಿ, ಬೆಂಚು ಕಪ್ಪು.

ನೆಗೆಟಿವ್‌ನಲ್ಲಿ ಇದು ತಲೆಕೆಳಗು, ಮರವೇ ಕಪ್ಪು. ಅದನ್ನೂ ತಂದಿದ್ದೇನೆ. ಮುಂದಿನ ಸಾಲಿನವರು ನೋಡಿ ಹಿಂದಕ್ಕೆ ಕೊಡಿ. ಅಂಚಿನಲ್ಲೇ ಹಿಡಿದುಕೊಳ್ಳಿ, ಬೆರಳಚ್ಚು ಮೂಡಿಬಿಡುತ್ತದೆ.