ಬಿಡುಗಡೆಯ ದಿನ ಯಾರ ಲೆಕ್ಕದಲ್ಲಿದೆ?

(ದಾವಣಗೆರೆಯಲ್ಲಿ ಕಾನೂನು ವಿದ್ಯಾರ್ಥಿಗಳು ಮತ್ತು ಅರೆಕಾನೂನು ಸ್ವಯಂಸೇವಕರಿಗೆ ನೀಡಿದ ಉಪನ್ಯಾಸ)

ವೇದಿಕೆಯ ಮೇಲಿರುವ ಹಿರಿಯರಿಗೆ, ಕಾರಾಗೃಹ ಇಲಾಖೆಯಿಂದ ಬಂದಿರುವ ಸಿಬ್ಬಂದಿಗೆ, ಚಿತ್ರದುರ್ಗದಿಂದಲೂ ಬಂದು ಸೇರಿರುವ ವಿದ್ಯಾರ್ಥಿಗಳಿಗೆ ನಮಸ್ಕಾರ.

ಜೈಲಿನಲ್ಲಿ ದಿನ ಶುರುವಾಗುವುದು ಎಣಿಕೆಯಿಂದ, ಮುಗಿಯುವುದೂ ಎಣಿಕೆಯಿಂದಲೇ. ಬೆಳಿಗ್ಗೆ ಬ್ಯಾರಕ್ ತೆರೆದಾಗ ಒಮ್ಮೆ, ಸಂಜೆ ಬೀಗ ಹಾಕುವಾಗ ಇನ್ನೊಮ್ಮೆ ತಲೆ ಎಣಿಸುತ್ತಾರೆ. ಒಬ್ಬ ಕಡಿಮೆ ಬಂದರೆ ಇಡೀ ಜಿಲ್ಲೆಯ ಪೊಲೀಸರು ಎದ್ದು ಓಡಾಡುತ್ತಾರೆ. ಆದರೆ ಕಾನೂನಿನ ಪ್ರಕಾರ ನಿನ್ನೆಯೇ ಹೊರಗೆ ಹೋಗಬೇಕಿದ್ದವನು ಇವತ್ತೂ ಸಾಲಿನಲ್ಲಿ ಕೂತಿದ್ದರೆ? ಎಣಿಕೆ ತಾಳೆಯಾಗಿಯೇ ಇರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಜೈಲಿಗೆ ಒಳ್ಳೆಯ ಮಾಹಿತಿ ವ್ಯವಸ್ಥೆ ಬೇಕಿರುವುದು ಎಲ್ಲಕ್ಕಿಂತ ಮೊದಲು ಇವನಿಗಾಗಿ ಎಂದು ನಾನು ನಂಬಿದ್ದೇನೆ. ಇವತ್ತಿನ ಮಾತೆಲ್ಲ ಅದರ ಬಗ್ಗೆಯೇ.

ಇದು ಹಳೆಯ ಗಾಯ. 1979ರಲ್ಲಿ ಹುಸೇನಾರಾ ಖಾತೂನ್ ಪ್ರಕರಣ ಸುಪ್ರೀಂ ಕೋರ್ಟಿಗೆ ಬಂದಾಗ, ಬಿಹಾರದ ಜೈಲುಗಳಲ್ಲಿ ಎಷ್ಟೋ ಜನ ತಮ್ಮ ಆರೋಪಕ್ಕೆ ಇರುವ ಗರಿಷ್ಠ ಶಿಕ್ಷೆಗಿಂತ ಹೆಚ್ಚು ಕಾಲ ವಿಚಾರಣೆಯೇ ಇಲ್ಲದೆ ಒಳಗೆ ಕೊಳೆಯುತ್ತಿದ್ದದ್ದು ಬೆಳಕಿಗೆ ಬಂತು. ನಮ್ಮ ರಾಜ್ಯದ್ದೇ ಆದ ರಾಮಮೂರ್ತಿ ಪ್ರಕರಣ ಶುರುವಾದದ್ದು ಬೆಂಗಳೂರು ಕೇಂದ್ರ ಕಾರಾಗೃಹದ ಕೈದಿಯೊಬ್ಬರ ಪತ್ರದಿಂದ. 1996ರ ಆ ತೀರ್ಪು ಜೈಲುಗಳ ಒಂಬತ್ತು ಸಮಸ್ಯೆಗಳನ್ನು ಗುರುತಿಸಿತು. ಮಿತಿ ಮೀರಿದ ದಟ್ಟಣೆ, ವಿಚಾರಣೆಯ ವಿಳಂಬ ಎರಡೂ ಅದರಲ್ಲಿವೆ. 2022ರ ಕೊನೆಯ ಸ್ಥಿತಿಯ ಬಗ್ಗೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಕೊಟ್ಟ ಲೆಕ್ಕ ನೋಡಿ: ದೇಶದ ಜೈಲುಗಳಲ್ಲಿ 5,73,220 ಜನ, ಅವರಲ್ಲಿ 4,34,302 ಮಂದಿ ವಿಚಾರಣಾಧೀನರು. ನಾಲ್ವರಲ್ಲಿ ಮೂವರ ಮೇಲಿನ ಆರೋಪ ಇನ್ನೂ ಸಾಬೀತಾಗಿಲ್ಲ.

ಈಗ ನಮ್ಮ ಕೈಯಲ್ಲಿ ಸಾಧನವಿದೆ. ಕೇಂದ್ರ ಸರ್ಕಾರದ ಮಾಹಿತಿ ತಂತ್ರಜ್ಞಾನ ಸಂಸ್ಥೆಯಾದ ಎನ್‌ಐಸಿ ರೂಪಿಸಿದ ಇ-ಪ್ರಿಸನ್ಸ್ ತಂತ್ರಾಂಶದಲ್ಲಿ ಬಂದಿಯ ಹೆಸರು, ಫೋಟೊ, ಪ್ರಕರಣ, ಕೋರ್ಟಿನ ಮುಂದಿನ ದಿನಾಂಕ, ಮುಲಾಖಾತ್ (ಮನೆಯವರ ಭೇಟಿ) ಎಲ್ಲವನ್ನೂ ದಾಖಲಿಸಬಹುದು. ಪೊಲೀಸ್ ಠಾಣೆಗಳ ದಾಖಲೆ ಜಾಲವಾದ ಸಿಸಿಟಿಎನ್‌ಎಸ್, ನ್ಯಾಯಾಲಯಗಳ ಇ-ಕೋರ್ಟ್ಸ್, ಜೈಲುಗಳ ಇ-ಪ್ರಿಸನ್ಸ್ ಇವನ್ನು ಒಂದಕ್ಕೊಂದು ಜೋಡಿಸುವ ಐಸಿಜೆಎಸ್ ಯೋಜನೆಯ ಎರಡನೇ ಹಂತಕ್ಕೆ 2022ರಲ್ಲಿ ಕೇಂದ್ರ 3,375 ಕೋಟಿ ರೂಪಾಯಿ ಮಂಜೂರು ಮಾಡಿತು. ಇಷ್ಟು ದುಡ್ಡು ಸುರಿದ ಯಂತ್ರ ಬರೀ ತಲೆ ಎಣಿಸಿದರೆ ಸಾಲದು.

ಒಂದು ಕಲ್ಪಿತ ಉದಾಹರಣೆ ಹೇಳುತ್ತೇನೆ. ಹೊಳಲ್ಕೆರೆ ಕಡೆಯ ತೋಟವೊಂದರಿಂದ ಪಂಪ್‌ಸೆಟ್ ಕದ್ದ ಆರೋಪದ ಮೇಲೆ ತಿಪ್ಪೇಸ್ವಾಮಿ ಎಂಬ ಯುವಕನ ಬಂಧನವಾಗಿದೆ ಎನ್ನಿ. ಕಳವಿಗೆ ಗರಿಷ್ಠ ಶಿಕ್ಷೆ 3 ವರ್ಷ. 2024ರ ಜುಲೈ 1ರಿಂದ ಜಾರಿಗೆ ಬಂದ, ಬಂಧನ-ಜಾಮೀನಿನ ವಿಧಾನ ಹೇಳುವ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮಿನ ಪ್ರಕಾರ, ಹಿಂದೆ ಯಾವ ಅಪರಾಧದಲ್ಲೂ ಶಿಕ್ಷೆಯಾಗದವನು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗವನ್ನು ಒಳಗೆ ಕಳೆದರೆ, ಅಂದರೆ ಇಲ್ಲಿ ಒಂದು ವರ್ಷ ಕಳೆದರೆ, ಅವನನ್ನು ಬಾಂಡಿನ ಮೇಲೆ ಬಿಡಬೇಕು. ಉಳಿದವರಿಗೆ ಅರ್ಧ ಅವಧಿ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ ಇರುವ ಅಪರಾಧಗಳಿಗೆ ಇದು ಅನ್ವಯಿಸುವುದಿಲ್ಲ. ಮುಖ್ಯವಾದದ್ದು ಮುಂದಿನ ಮಾತು: ಆ ದಿನ ಬಂದ ಕೂಡಲೇ ಕೋರ್ಟಿಗೆ ಅರ್ಜಿ ಹಾಕಬೇಕಾದವರು ಜೈಲು ಅಧೀಕ್ಷಕರು. ಕೈದಿ ಕೇಳಲಿ ಬಿಡಲಿ, ಅದು ಅವರ ಕರ್ತವ್ಯ. ಈ ಅನುಕೂಲ ಕಾನೂನು ಜಾರಿಯಾಗುವ ಮೊದಲೇ ಒಳಗಿದ್ದವರಿಗೂ ಸಿಗಬೇಕೆಂದು ಸುಪ್ರೀಂ ಕೋರ್ಟ್ 2024ರ ಆಗಸ್ಟ್‌ನಲ್ಲಿ ಹೇಳಿತು.

ನೂರಾರು ಬಂದಿಗಳಿರುವ ಕಡೆ ಆ ದಿನವನ್ನು ಲೆಕ್ಕ ಹಾಕುವವರು ಯಾರು? ಗುಣಾಕಾರ ಭಾಗಾಕಾರ ಕಂಪ್ಯೂಟರಿಗೆ ಸುಲಭ. ಕಷ್ಟವಿರುವುದು ನಾವು ತುಂಬುವ ಮಾಹಿತಿಯಲ್ಲಿ. ಜೈಲಿಗೆ ಸೇರಿಸಿಕೊಂಡ ದಿನವನ್ನು ನಮೂದಿಸಿ ಬಂಧನದ ದಿನವನ್ನು ಬಿಟ್ಟರೆ ಪೊಲೀಸ್ ಕಸ್ಟಡಿಯ ದಿನಗಳು ಲೆಕ್ಕದಿಂದ ಜಾರಿಹೋಗುತ್ತವೆ. ಎಫ್‌ಐಆರ್‌ನಲ್ಲಿದ್ದ ಕಲಮು ದೋಷಾರೋಪ ಪಟ್ಟಿಯಲ್ಲಿ ಬದಲಾದರೆ ಗರಿಷ್ಠ ಶಿಕ್ಷೆಯೂ ಬದಲಾಗುತ್ತದೆ. ಅದನ್ನು ಜೈಲಿಗೆ ತಿಳಿಸದಿದ್ದರೆ ಹಳೆಯ ದಿನಾಂಕವೇ ಉಳಿಯುತ್ತದೆ. ಇನ್ನು ಹೆಸರು. ಚಳ್ಳಕೆರೆ, ನಾಯಕನಹಟ್ಟಿ ಸೀಮೆಯಲ್ಲಿ ತಿಪ್ಪೇಸ್ವಾಮಿಯರು ಎಷ್ಟು ಜನರಿದ್ದಾರೆ ಎಂದು ನಿಮಗೇ ಗೊತ್ತು. ಇಂಗ್ಲಿಷಿನಲ್ಲಿ ಒಬ್ಬರು ‘ಟಿ’ ಆದ ಮೇಲೆ ‘ಎಚ್’ ಸೇರಿಸುತ್ತಾರೆ, ಒಬ್ಬರು ಬಿಡುತ್ತಾರೆ, ಇನ್ನೊಬ್ಬರು ಒಂದು ‘ಪಿ’ ನುಂಗುತ್ತಾರೆ. ಒಂದಕ್ಕಿಂತ ಹೆಚ್ಚು ಪ್ರಕರಣ ಬಾಕಿಯಿದ್ದವರಿಗೆ 479ರ ಅನುಕೂಲ ಇಲ್ಲ. ಹೀಗಿರುವಾಗ ಬೇರೊಬ್ಬ ತಿಪ್ಪೇಸ್ವಾಮಿಯ ಪ್ರಕರಣ ಇವನ ಕಡತಕ್ಕೆ ಅಂಟಿಕೊಂಡರೆ ಇವನ ಬಿಡುಗಡೆಯೇ ತಪ್ಪಿಹೋಗುತ್ತದೆ. ಅದಕ್ಕೇ ಹೆಸರನ್ನು ಕನ್ನಡದಲ್ಲೂ ದಾಖಲಿಸಬೇಕು, ಪ್ರತಿ ಪ್ರಕರಣಕ್ಕೂ ಕೋರ್ಟ್ ಕೊಡುವ ಹದಿನಾರು ಅಂಕಿ-ಅಕ್ಷರಗಳ ಸಿಎನ್‌ಆರ್ ಸಂಖ್ಯೆ ಇಲ್ಲದೆ ಯಾವ ಪ್ರಕರಣವನ್ನೂ ಬಂದಿಯ ಖಾತೆಗೆ ಸೇರಿಸಬಾರದು.

ಯಂತ್ರದ ಲೆಕ್ಕ ತಪ್ಪುವುದಿಲ್ಲ ಎಂದು ಯಾರಾದರೂ ಹೇಳಿದರೆ ಅಮೆರಿಕದ ವಾಷಿಂಗ್ಟನ್ ರಾಜ್ಯವನ್ನು ನೆನಪಿಸಿ. ಅಲ್ಲಿ 2002ರ ಕೋರ್ಟ್ ತೀರ್ಪೊಂದರ ನಂತರ ಸನ್ನಡತೆಯ ಮಾಫಿಯನ್ನು ಲೆಕ್ಕ ಹಾಕುವ ತಂತ್ರಾಂಶವನ್ನು ತಪ್ಪಾಗಿ ಬದಲಿಸಿದರು. ಸುಮಾರು 3,200 ಕೈದಿಗಳು ಅವಧಿಗೆ ಮೊದಲೇ ಹೊರಬಂದರು. ಹಾಗೆ ಬಂದವರಿಂದ ಸಾವುಗಳೂ ಆದವು. 2012ರಲ್ಲಿ ಇದನ್ನು ಹಿಡಿದದ್ದು ಯಾವ ತಜ್ಞರೂ ಅಲ್ಲ, ಅಪರಾಧಕ್ಕೆ ಬಲಿಯಾದವರೊಬ್ಬರ ಕುಟುಂಬ. ಅವರು ಕೈಯಲ್ಲೇ ಲೆಕ್ಕ ಹಾಕಿ ನೋಡಿದ್ದರು. ಅಷ್ಟಾದರೂ ದುರಸ್ತಿಯನ್ನು ಮುಂದೂಡುತ್ತಲೇ ಹೋದರು. ವಿಷಯ ಬಹಿರಂಗವಾದದ್ದು 2015ರ ಡಿಸೆಂಬರಿನಲ್ಲಿ. ಲೆಕ್ಕದ ಸೂತ್ರ ಹೊರಗಿನವರಿಗೂ ಕಾಣುವಂತಿರಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಜಾಮೀನು ಸಿಕ್ಕಿದ ಮೇಲೂ ಒಳಗೇ ಉಳಿಯುವವರ ಕಥೆ ಬೇರೆ. 2023ರ ಜನವರಿ 31ರಂದು ಸುಪ್ರೀಂ ಕೋರ್ಟ್ ಸ್ಪಷ್ಟ ನಿರ್ದೇಶನ ಕೊಟ್ಟಿತು: ಜಾಮೀನು ಆದೇಶದ ಪ್ರತಿ ಅಂದೇ ಅಥವಾ ಮರುದಿನ ಇ-ಮೇಲ್ ಮೂಲಕ ಅಧೀಕ್ಷಕರಿಗೆ ಹೋಗಬೇಕು, ಆ ದಿನಾಂಕವನ್ನು ಇ-ಪ್ರಿಸನ್ಸ್‌ನಲ್ಲಿ ನಮೂದಿಸಬೇಕು, 7 ದಿನಗಳಲ್ಲಿ ಬಿಡುಗಡೆಯಾಗದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ಇದರ ಹಿಂದಿನ ನೋವು ನಮಗೆಲ್ಲ ಗೊತ್ತಿರುವುದೇ. ಜಾಮೀನುದಾರ ಪಹಣಿ ತರಬೇಕು, ಆಧಾರ್ ತರಬೇಕು. ಕಟ್ಟಡ ಕೆಲಸಕ್ಕೆ ಬೇರೆ ರಾಜ್ಯದಿಂದ ಬಂದವನಿಗೆ ದಾವಣಗೆರೆಯಲ್ಲಿ ಪಹಣಿ ಕೊಡುವವರು ಯಾರು? ಸ್ಥಳೀಯ ಜಾಮೀನುದಾರರೇ ಬೇಕೆಂಬ ಷರತ್ತು ವಿಧಿಸಬಾರದೆಂದೂ ಅದೇ ನಿರ್ದೇಶನದಲ್ಲಿದೆ. ಬಡ ಕೈದಿಗಳಿಗೆಂದು ಕೇಂದ್ರ 2023ರಲ್ಲಿ ತಂದ ಯೋಜನೆಯಲ್ಲಿ ಜಾಮೀನಿನ ಹಣಕ್ಕೆ ನೆರವಿದೆ. ಆದರೆ ಏಳನೆಯ ದಿನ ಪರದೆಯ ಮೇಲೆ ಆ ಹೆಸರು ಕಾಣದಿದ್ದರೆ ಈ ಯಾವುದೂ ಅವನವರೆಗೆ ತಲುಪುವುದಿಲ್ಲ.

ಯಾವುದನ್ನು ದಾಖಲಿಸಬಾರದು ಎಂಬುದೂ ಅಷ್ಟೇ ಮುಖ್ಯ. ಪತ್ರಕರ್ತೆ ಸುಕನ್ಯಾ ಶಾಂತಾ ಹೂಡಿದ ಪ್ರಕರಣದಲ್ಲಿ 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟ್, ಜೈಲಿನ ರಿಜಿಸ್ಟರುಗಳಿಂದ ಜಾತಿಯ ಕಾಲಂ ತೆಗೆಯಿರಿ ಎಂದಿತು. ಆ ಕಾಲಂ ನೋಡಿಯೇ ಯಾರು ಅಡುಗೆ ಮಾಡಬೇಕು, ಯಾರು ಕಕ್ಕಸು ತೊಳೆಯಬೇಕು ಎಂದು ಕೆಲಸ ಹಂಚುತ್ತಿದ್ದ ಪದ್ಧತಿಯನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಕಾಗದದಲ್ಲಿ ಅಳಿಸಿದ್ದು ತಂತ್ರಾಂಶದಲ್ಲಿ ಮತ್ತೆ ತಲೆ ಎತ್ತದಂತೆ ನೋಡಿಕೊಳ್ಳಬೇಕು. ಆರೋಗ್ಯದ ವಿವರವಂತೂ ವೈದ್ಯರ ಹೊರತು ಬೇರೆಯವರ ಕಣ್ಣಿಗೆ ಬೀಳಕೂಡದು.

ಇಷ್ಟೆಲ್ಲ ಹೇಳಿದ ಮೇಲೆ ನಿಮ್ಮನ್ನೊಂದು ಕೇಳುತ್ತೇನೆ. ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ ನೆಲ್ಸನ್ ಮಂಡೇಲಾ ನಿಯಮಗಳು, ಕೈದಿಗೆ ತನ್ನ ದಾಖಲೆಯನ್ನು ನೋಡುವ ಹಕ್ಕಿದೆ ಎನ್ನುತ್ತವೆ. ನಮ್ಮ ಎರಡೂ ಜಿಲ್ಲೆಗಳ ಜೈಲುಗಳಲ್ಲಿ ಪ್ರತಿ ವಿಚಾರಣಾಧೀನ ಬಂದಿಗೆ ತಿಂಗಳಿಗೊಮ್ಮೆ ಕನ್ನಡದಲ್ಲಿ ಅಚ್ಚಾದ ಒಂದು ಚೀಟಿ ಸಿಗುವಂತಾಗಬೇಕು. ಅದರಲ್ಲಿ ಬಂಧನದ ದಿನ, ಕಲಮು, ಮೂರನೇ ಒಂದು ಭಾಗ ಮುಗಿಯುವ ದಿನ, ಅರ್ಧ ಮುಗಿಯುವ ದಿನ, ಮುಂದಿನ ಹಾಜರಿ, ವಕೀಲರ ಹೆಸರು, ಕಾನೂನು ಸೇವೆಯ 15100 ಸಹಾಯವಾಣಿ ಇರಲಿ. ಓದು ಬಾರದವರಿಗೆ ಸ್ವಯಂಸೇವಕರು ಓದಿ ಹೇಳಲಿ. ಲೆಕ್ಕ ತಪ್ಪಿದ್ದರೆ ಮೊದಲು ಹಿಡಿಯುವವನು ಆ ಬಂದಿಯೇ, ಏಕೆಂದರೆ ಒಳಗೆ ಕಳೆದ ಒಂದೊಂದು ದಿನವೂ ಅವನಿಗೆ ಗೊತ್ತು.

ಪ್ರತಿ ಜಿಲ್ಲೆಯಲ್ಲೂ ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯಲ್ಲಿ ವಿಚಾರಣಾಧೀನ ಬಂದಿಗಳ ಪರಿಶೀಲನಾ ಸಮಿತಿ ಇದೆ. ಅದರ ಮುಂದಿನ ಸಭೆಗೆ ಈ ಚೀಟಿಯ ನಮೂನೆಯನ್ನು ಒಯ್ಯೋಣ. ಕರಡು ತಂದಿದ್ದೇನೆ. ಕೂತು ತಿದ್ದಲು ಮನಸ್ಸಿರುವವರು ದಯವಿಟ್ಟು ಚಹಾ ಆದ ಮೇಲೆ ಇಲ್ಲೇ ಉಳಿಯಿರಿ.