ಆ ಇನ್ನೊಂದ್ ಹುಡ್ಗಂಗೆ ಎಂತಾತೇ?

ವೇದಿಕೆ ಮೇಲಿರುವ ಹಿರಿಯರಿಗೆ, ಎದುರು ಕೂತಿರುವ ನಿಮಗೆಲ್ಲ ನಮಸ್ಕಾರ. ಬೆಳಗ್ಗೆಯಿಂದ ಮಳೆ ಬಿಟ್ಟಿಲ್ಲ, ತುಂಗೆ ಕೆಂಪಾಗಿ ಹರೀತಿದ್ದಾಳೆ, ಆದರೂ ಸಾಗರ, ತೀರ್ಥಹಳ್ಳಿ ಕಡೆಯಿಂದ ಬಸ್ಸು ಹತ್ತಿ ಬಂದವರಿದ್ದೀರಿ. ಕೊಡೆಗಳನ್ನು ಗೋಡೆಗೆ ಒರಗಿಸಿಡಿ ಮಕ್ಕಳೇ, ಹಿಂದಿನ ಸಾಲಿನ ನೀರು ಮುಂದಿನ ಸಾಲಿನವರ ಚಪ್ಪಲಿಗೆ ಬರ್ತಿದೆ.

ಸಂಘಟಕರು ನನಗೆ ಕೊಟ್ಟ ವಿಷಯ ಕ್ರೀಡೆ ಮತ್ತು ಅಭಿಮಾನ. ನಾಲ್ಕು ಅಂಶ ಬರ್ಕೊಂಡು ಬಂದಿದ್ದೀನಿ. ಆದರೆ ಮೂರು ವಾರದ ಹಿಂದೆ ಒಬ್ಬಳು ಹುಡುಗಿ ನಮ್ಮನೆಗೆ ಬಂದು ಜಗಲಿ ಮೇಲೆ ಕೂತು ಅತ್ತಳು. ನನ್ನ ಹಳೆಯ ವಿದ್ಯಾರ್ಥಿನಿ. ಅವಳಿಗೂ ಅವಳ ಗೆಳತಿಯರಿಗೂ ಫಿಗರ್ ಸ್ಕೇಟಿಂಗ್, ಅಂದ್ರೆ ಐಸಿನ ಮೇಲೆ ಜಿಗಿದು ಕುಣಿಯೋ ಆಟದ, ಜಪಾನಿನ ಯುಜುರು ಹನ್ಯೂ ಅಂದ್ರೆ ಪ್ರಾಣ. ಇವಳು ಒಂದಿನ, ಅವನ ಎದುರಾಳಿ ಅಮೆರಿಕದ ನೇಥನ್ ಚೆನ್ ಆಟ ನೋಡಿ ಕಣ್ಣು ತುಂಬಿ ಬಂತು ಅಂದಳಂತೆ. ಅವತ್ತಿನಿಂದ ಗೆಳತಿಯರು ಮಾತು ಬಿಟ್ಟಿದ್ದಾರೆ. ಕ್ಯಾಂಟೀನಿನಲ್ಲಿ ಪಕ್ಕದ ಜಾಗಕ್ಕೆ ಬ್ಯಾಗ್ ಇಡ್ತಾರಂತೆ. ಮೂವತ್ತು ವರ್ಷ ದೈಹಿಕ ಶಿಕ್ಷಣದ ಟೀಚರಾಗಿ ಮೈದಾನದಲ್ಲಿ ಸೀಟಿ ಊದಿದವಳು ನಾನು. ಸೋತು ಅತ್ತ ಮಕ್ಕಳನ್ನು ನೋಡಿದ್ದೀನಿ. ಇನ್ನೊಬ್ಬನನ್ನು ಮೆಚ್ಚಿದ್ದಕ್ಕೆ ಅತ್ತವಳನ್ನು ನೋಡಿರಲಿಲ್ಲ. ಅದಕ್ಕೇ ಇವತ್ತು ಮಾತಾಡ್ತಿರೋದು.

ಹನ್ಯೂ ಯಾರು ಅಂತ ಈ ಸಭೆಗೆ ಹೇಳಬೇಕಾಗಿಲ್ಲ. ಸೆಂಡೈ ಊರಿನ ಹುಡುಗ, ಎರಡನೇ ವಯಸ್ಸಿನಿಂದ ಆಸ್ತಮಾ. 2011ರ ಮಾರ್ಚ್ 11ರಂದು ಭೂಕಂಪ ಆದಾಗ ರಿಂಕಿನ, ಅಂದ್ರೆ ಸ್ಕೇಟಿಂಗಿನ ಐಸ್ ಅಂಗಳದ, ಮೇಲೇ ಇದ್ದ, ಕಾಲಿನ ಸ್ಕೇಟ್ಸ್ ಬಿಚ್ಚದೆ ಹೊರಗೆ ಓಡಿದ. ಹದಿನಾರು ವರ್ಷ. ಮನೆಯವರ ಜೊತೆ ನಿರಾಶ್ರಿತರ ಶಿಬಿರದಲ್ಲಿ ಮಲಗಿದ. ಅಭ್ಯಾಸದ ರಿಂಕು ಮುಚ್ಚಿಹೋಯ್ತು, ಊರೂರಿನ ಐಸ್ ಶೋಗಳಲ್ಲಿ ಕುಣಿಯುತ್ತಲೇ ಅಭ್ಯಾಸ ಮಾಡಿಕೊಂಡ. ಮುಂದಿನ ವರ್ಷವೇ ವಿಶ್ವ ಚಾಂಪಿಯನ್‌ಶಿಪ್ಪಿನಲ್ಲಿ ಕಂಚು. ಲಿಂಗನಮಕ್ಕಿ ನೀರು ನಿಂತಾಗ ಊರು ಬಿಟ್ಟು ಬಂದವರ ಜಿಲ್ಲೆ ನಮ್ಮದು. ಗಂಟು ಕಟ್ಟಿಕೊಂಡು ಹೊರಟ ಮನೆಯ ಮಗು ಮತ್ತೆ ಎದ್ದು ನಿಂತರೆ ಹೇಗಿರುತ್ತೆ ಅಂತ ನಮಗೆ ಬೇರೆಯವರು ಬಿಡಿಸಿ ಹೇಳಬೇಕಾಗಿಲ್ಲ. ನಾನೂ ಆ ಹುಡುಗನ ಅಭಿಮಾನಿ. ಇದನ್ನು ಮೊದಲೇ ಹೇಳಿಬಿಡ್ತೀನಿ.

ಈಗ ನಮ್ಮ ದೊಡ್ಡಮ್ಮನ ಕಥೆ. ಸ್ವಲ್ಪ ಉದ್ದ ಇದೆ, ತಾಳ್ಮೆಯಿಂದ ಕೇಳಿ.

2014ರ ನವೆಂಬರ್. ತೀರ್ಥಹಳ್ಳಿ ಹತ್ತಿರದ ದೊಡ್ಡಮ್ಮನ ಮನೆಯಲ್ಲಿ ಅಡಿಕೆ ಕೊಯ್ಲು. ರಾತ್ರಿ ಊಟ ಆದ ಮೇಲೆ ಜಗಲಿಯಲ್ಲಿ ಸಾಲಾಗಿ ಮೆಟ್ಟುಗತ್ತಿ ಹಾಕ್ಕೊಂಡು ಹತ್ತು ಹನ್ನೆರಡು ಜನ ಸುಲೀತಾ ಕೂತಿದ್ವಿ. ಅಂಗಳದಲ್ಲಿ ಹಂಡೆ ಕುದೀತಿದೆ, ಚೊಗರಿನ ವಾಸನೆ ಮನೆಯೆಲ್ಲ. ನಿಮ್ಮಲ್ಲಿ ಅರ್ಧ ಜನ ಆ ಜಗಲಿಯಲ್ಲೇ ಬೆಳೆದವರು. ಸುಲಿಯೋವಾಗ ಕೈಗೆ ಕೆಲಸ, ಬಾಯಿ ಕಿವಿ ಎರಡೂ ಖಾಲಿ. ಹಿಂದೆ ಯಾವ ಯಕ್ಷಗಾನ ಮೇಳದ ಆಟ ಹೇಗಾಯ್ತು ಅಂತ ಮಾತು ನಡೀತಿತ್ತು. ಅವತ್ತು ನನ್ನ ತಂಗಿ ಮಗಳು ಫೋನನ್ನು ಅಡಿಕೆ ಬುಟ್ಟಿಗೆ ಒರಗಿಸಿಟ್ಟು, "ಎಲ್ರೂ ಇದನ್ನ ನೋಡ್ಲೇಬೇಕು" ಅಂತ ಹಟ ಹಿಡಿದಳು.

ಶಾಂಘೈಯಲ್ಲಿ ನಡೆದ ಕಪ್ ಆಫ್ ಚೈನಾ ಸ್ಪರ್ಧೆ. ಕೊನೆಯ ಗುಂಪಿನವರೆಲ್ಲ ಒಟ್ಟಿಗೆ ಐಸಿಗಿಳಿದು ಆರು ನಿಮಿಷ ಮೈ ಬಿಸಿ ಮಾಡ್ಕೊಳ್ತಾರಲ್ಲ, ಆಗ ಹನ್ಯೂಗೂ ಚೀನಾದ ಹುಡುಗ ಹಾನ್ ಯಾನ್‌ಗೂ ಎದುರಾಬದುರು ಡಿಕ್ಕಿ. ಇಬ್ಬರೂ ಬಿದ್ದರು. ಹನ್ಯೂ ಗದ್ದದಿಂದ ರಕ್ತ. ತಲೆಗೆ ಪಟ್ಟಿ ಕಟ್ಟಿಕೊಂಡು ಮತ್ತೆ ಬಂದ. ಆಡಿದ, ಐದು ಸಲ ಬಿದ್ದ, ಐದು ಸಲವೂ ಎದ್ದ. ಅಂಕ ಬಂದಾಗ ಮುಖ ಮುಚ್ಚಿಕೊಂಡು ಅತ್ತ. ಎರಡನೇ ಸ್ಥಾನ. ನಮ್ಮ ಜಗಲಿಯಲ್ಲಿ ಕತ್ತಿಗಳೆಲ್ಲ ನಿಂತುಹೋಗಿದ್ದವು. ಕೆಲಸಕ್ಕೆ ಬಂದ ಒಬ್ಬಾಕೆ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ತಂಗಿ ಮಗಳು ಹೆಮ್ಮೆಯಿಂದ ನಮ್ಮ ಮುಖ ಮುಖ ನೋಡ್ತಿದ್ದಾಳೆ, ಅವಳೇ ಪದಕ ಗೆದ್ದವಳ ಹಾಗೆ.

ಆಗ ದೊಡ್ಡಮ್ಮ, ಕೈಯಲ್ಲಿದ್ದ ಅಡಿಕೆ ಹಾಗೇ ಹಿಡ್ಕೊಂಡು ಕೇಳಿದ್ದು ಒಂದೇ ಮಾತು. "ಆ ಇನ್ನೊಂದ್ ಹುಡ್ಗಂಗೆ ಎಂತಾತೇ?"

ಯಾರಿಗೂ ಗೊತ್ತಿಲ್ಲ! ಆ ವಿಡಿಯೊ ಕತ್ತರಿಸಿದ್ದು ಅಭಿಮಾನಿಗಳು. ಅದರಲ್ಲಿ ಹಾನ್ ಯಾನ್ ಬಂದು ಹೊಡೆದಿದ್ದಷ್ಟೇ ಇತ್ತು, ಎದ್ದಿದ್ದು ಇರಲಿಲ್ಲ. ತಂಗಿ ಮಗಳು, "ಅವ್ನಿಂದ್ಲೇ ಅಲ್ವಾ ದೊಡ್ಡಜ್ಜಿ ಹಿಂಗಾಗಿದ್ದು" ಅಂದಳು. ದೊಡ್ಡಮ್ಮ ಬಿಡಲಿಲ್ಲ. "ಅವ್ನೂ ಬಿದ್ನಲ್ಲೇ, ಅವ್ನಿಗೂ ಅವ್ವ ಇರ್ತಾಳಲ್ಲೇ, ನೋಡು ಮಾರಾಯ್ತಿ." ಆ ಮೂಲೆಯಲ್ಲಿ ಸಿಗ್ನಲ್ ಇಲ್ಲ. ಹುಡುಗಿ ಫೋನ್ ಹಿಡ್ಕೊಂಡು ಗುಡ್ಡ ಹತ್ತಿದಳು, ಜೊತೆಗೆ ಟಾರ್ಚ್ ಹಿಡ್ಕೊಂಡು ನಮ್ಮ ಭಾವ. ಅರ್ಧ ಗಂಟೆ ಬಿಟ್ಟು ಇಬ್ಬರೂ ಇಳಿದು ಬಂದರು. ಅವನೂ ಆಡಿದ್ದಾನೆ. ಹದಿನೆಂಟು ವರ್ಷದ ಹುಡುಗ, ತನ್ನದೇ ದೇಶದ ಜನರ ಮುಂದೆ, ಅದೇ ಪೆಟ್ಟು ತಿಂದ ಮೈಯಲ್ಲಿ ಅವನೂ ಐಸಿಗಿಳಿದು ಪೂರ್ತಿ ಆಡಿ ಮುಗಿಸಿದ್ದಾನೆ. ದೊಡ್ಡಮ್ಮ, "ಹಾಂ, ಸರಿ" ಅಂದು ಕೈಯಲ್ಲಿದ್ದ ಅಡಿಕೆ ಸುಲಿದರು.

ಇಲ್ಲಿ ಟೀಚರಾಗಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ತಲೆಗೆ ಪೆಟ್ಟು ಬಿದ್ದ ಮಗುವನ್ನು ಅವತ್ತೇ ಮತ್ತೆ ಆಡಿಸಬಾರದು. ಅದು ಎಷ್ಟೇ ದೊಡ್ಡ ಸ್ಪರ್ಧೆಯಾಗಲಿ. ಆ ವಿಡಿಯೊ ನೋಡಿ ನಾವು ಅತ್ತಿದ್ದು ಸರಿ. ಇಲ್ಲಿರುವ ಪಿ.ಇ. ಮೇಷ್ಟ್ರುಗಳು ಅದನ್ನು ಮಾದರಿ ಅಂತ ತೋರಿಸೋದು ಬೇಡ.

ಯಕ್ಷಗಾನದಲ್ಲಿ ಎದುರುವೇಷ ಅಂತೀವಲ್ಲ, ನಾನು ಹೇಳಬೇಕಾದ್ದು ಅದರ ವಿಷಯ. ಅರ್ಜುನನ ಕುಣಿತ ನೋಡಕ್ಕೆ ಅಂತ ಹೋಗಿರ್ತೀವಿ. ಕರ್ಣನ ವೇಷ ಸಪ್ಪೆಯಾದರೆ ಅರ್ಜುನ ಎಷ್ಟು ಕುಣಿದರೂ ಆಟ ಕಳೆಗಟ್ಟೋದಿಲ್ಲ. ವೇಷ ಕಟ್ಟದೆ ಕೂತು ಮಾತಿನಲ್ಲೇ ಆಡೋ ತಾಳಮದ್ದಳೆಯಲ್ಲಂತೂ ಎದುರು ಕೂತ ಅರ್ಥಧಾರಿ ಪ್ರಶ್ನೆ ಹಾಕದಿದ್ದರೆ ಕೃಷ್ಣನ ಬಾಯಲ್ಲಿ ಉತ್ತರ ಎಲ್ಲಿಂದ ಬರಬೇಕು? ನಮ್ಮ ಹಿರಿಯರ ಜೋಡಾಟ ನೆನೆಸಿಕೊಳ್ಳಿ. ಎರಡು ಮೇಳ, ಪಕ್ಕ ಪಕ್ಕ ಎರಡು ರಂಗಸ್ಥಳ, ಒಂದೇ ಪ್ರಸಂಗ. ಜನ ಆ ಕಡೆ ಈ ಕಡೆ ಓಡಾಡ್ತಾ ಬೆಳಗಿನವರೆಗೆ ನೋಡಿದವರು. ಕೆರೆಮನೆಯವರ ಕಡೆ, ಚಿಟ್ಟಾಣಿಯವರ ಕಡೆ ಅಂತ ಪಂಗಡ ಇತ್ತು, ಜಗಳವೂ ಇತ್ತು. ಆದರೆ ಇಬ್ಬರನ್ನೂ ನೋಡಿಯೇ ಜಗಳ ಆಡ್ತಿದ್ದರು!

ಹನ್ಯೂನ ಎದುರುವೇಷಗಳನ್ನು ನೋಡಿ. ಮೊದಲು ಸ್ಪೇನಿನ ಹವಿಯರ್ ಫೆರ್ನಾಂಡಿಸ್. ಈ ಆಟದಲ್ಲಿ ಹೆಸರೇ ಇಲ್ಲದ ದೇಶದಿಂದ ಬಂದವನು. ಇಬ್ಬರೂ ಟೊರಾಂಟೊದ ಕ್ರಿಕೆಟ್ ಕ್ಲಬ್ಬಿನಲ್ಲಿ ಒಬ್ಬರೇ ಗುರುವಿನ ಕೈಯಲ್ಲಿ ಕಲಿತವರು. ಹೌದು, ಕ್ರಿಕೆಟ್ ಕ್ಲಬ್ಬೇ, ಒಳಗೆ ಸ್ಕೇಟಿಂಗ್ ರಿಂಕೂ ಇದೆ. ಒಂದೇ ಕೊಟ್ಟಿಗೆಯಲ್ಲಿ ಬೆಳೆದ ಎರಡು ಹೋರಿ. 2016ರಲ್ಲಿ ಬೋಸ್ಟನ್ನಿನ ವಿಶ್ವ ಚಾಂಪಿಯನ್‌ಶಿಪ್ಪಿನಲ್ಲಿ ಮೊದಲ ಸುತ್ತು ಮುಗಿದಾಗ ಹನ್ಯೂ ಹನ್ನೆರಡು ಅಂಕ ಮುಂದಿದ್ದ. ಎರಡನೇ ಸುತ್ತಿನಲ್ಲಿ ಫೆರ್ನಾಂಡಿಸ್ ಎಂಥ ಆಟ ಆಡಿದ ಅಂದ್ರೆ ಆ ಹನ್ನೆರಡನ್ನೂ ದಾಟಿ ಚಿನ್ನ ತಗೊಂಡ. 2015ರಲ್ಲೂ ಅವನದೇ ಚಿನ್ನ, ಹನ್ಯೂಗೆ ಬೆಳ್ಳಿ. ಆಮೇಲೆ ಇಬ್ಬರೂ ಮತ್ತೆ ಅದೇ ರಿಂಕಿನಲ್ಲಿ. ಎದುರಿಗೆ ದಿನಾ ಒಬ್ಬ ಚಾಂಪಿಯನ್ ಜಿಗೀತಿದ್ದರೆ ಯಾವನಿಗೆ ಸೋಮಾರಿತನ ಬಂದೀತು?

ಆ ಗುರು ಬ್ರಯನ್ ಆರ್ಸರ್ ಕೂಡ ಎದುರುವೇಷವೇ. 1988ರ ಕ್ಯಾಲ್ಗರಿ ಒಲಿಂಪಿಕ್ಸ್, ಅವರ ಸ್ವಂತ ದೇಶ ಕೆನಡಾದಲ್ಲಿ. ಅಮೆರಿಕದ ಇನ್ನೊಬ್ಬ ಬ್ರಯನ್, ಬೊಯ್ಟಾನೊ ಎದುರಿಗೆ. ಒಂಬತ್ತು ತೀರ್ಪುಗಾರರು ಐದು ನಾಲ್ಕಾಗಿ ಒಡೆದರು, ಆರ್ಸರ್‌ಗೆ ಬೆಳ್ಳಿ. ಅದಕ್ಕೂ ನಾಲ್ಕು ವರ್ಷ ಮೊದಲೂ ಬೆಳ್ಳಿಯೇ. ಎರಡು ಸಲ ಚಿನ್ನ ತಪ್ಪಿದ ಆ ಮನುಷ್ಯ ಹನ್ಯೂಗೆ ಎರಡು ಚಿನ್ನ ಕೊಡಿಸಿದರು. ನನಗೆ ಇದನ್ನು ನೆನೆಸಿಕೊಂಡರೆ ಈಗಲೂ ಗಂಟಲು ಕಟ್ಟುತ್ತೆ.

ಪ್ಯಾಂಗ್‌ಚಾಂಗ್‌ಗೆ ಬರ್ತೀನಿ. ದಕ್ಷಿಣ ಕೊರಿಯಾದ ಒಲಿಂಪಿಕ್ಸ್, 2018ರ ಫೆಬ್ರವರಿ 17, ಶನಿವಾರ. ಮೂರು ತಿಂಗಳ ಹಿಂದೆ ಅಭ್ಯಾಸದಲ್ಲಿ ಬಿದ್ದು ಹನ್ಯೂನ ಬಲಗಾಲಿನ ಮಣಿಗಂಟಿಗೆ ಪೆಟ್ಟಾಗಿತ್ತು, ಅಲ್ಲಿಂದೀಚೆಗೆ ಒಂದು ಸ್ಪರ್ಧೆಯನ್ನೂ ಆಡಿರಲಿಲ್ಲ. ನೇರ ಒಲಿಂಪಿಕ್ಸಿಗೆ ಬಂದು ಗೆದ್ದ. 1948, 52ರಲ್ಲಿ ಡಿಕ್ ಬಟನ್ ಗೆದ್ದ ಮೇಲೆ ಸತತ ಎರಡು ಚಿನ್ನ ಗೆದ್ದ ಮೊದಲ ಪುರುಷ. ಆಟ ಮುಗಿದದ್ದೇ ಸುತ್ತಲಿಂದ ಹಳದಿ ಕರಡಿಗೊಂಬೆಗಳ ಮಳೆ, ವಿನ್ನಿ ದ ಪೂ ಅವನಿಗೆ ಇಷ್ಟ ಅಂತ. ದೊಡ್ಡಮ್ಮನಿಗೆ ಅದೊಂದು ಚಿಂತೆ, "ಅಷ್ಟ್ ಕರ್ಡಿ ಎಲ್ಲಿ ಇಡ್ತಾನೋ ಪಾಪ!" ಊರಿನ ಮಕ್ಕಳಿಗೆ, ಆಸ್ಪತ್ರೆಗಳಿಗೆ ಕೊಟ್ಟುಬಿಡ್ತಾನೆ ಅಂದಾಗ ಸಮಾಧಾನ ಆಯ್ತು.

ಆದರೆ ಅವತ್ತು ಎರಡನೇ ಸುತ್ತಿನಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ತಗೊಂಡಿದ್ದು ಹನ್ಯೂ ಅಲ್ಲ, ನೇಥನ್ ಚೆನ್. ಮೊದಲ ಸುತ್ತಿನಲ್ಲಿ ಎಡವಿ ಹದಿನೇಳನೇ ಸ್ಥಾನಕ್ಕೆ ಕುಸಿದಿದ್ದ ಹದಿನೆಂಟರ ಹುಡುಗ. ಮಾರನೇ ದಿನ ಬಂದು ನಾಲ್ಕು ಸುತ್ತಿನ ಆರು ಜಿಗಿತಕ್ಕೆ ಕೈ ಹಾಕಿ 215.08 ಗಳಿಸಿದ. ಹನ್ಯೂಗೆ 206.17. ಒಟ್ಟು ಲೆಕ್ಕದಲ್ಲಿ ಚೆನ್ ಐದನೆಯವನಾದ. ಆ ಹುಡುಗಿ ಕಣ್ಣು ತುಂಬಿಕೊಂಡಿದ್ದು ಇದೇ ಆಟ ನೋಡಿ. ಹದಿನೇಳರಿಂದ ಎದ್ದು ಬಂದವನನ್ನು ನೋಡಿ ಕಣ್ಣು ತುಂಬದಿದ್ದರೆ, ಭೂಕಂಪದಿಂದ ಎದ್ದು ಬಂದವನಿಗೆ ನಾವು ಸುರಿಸಿದ ಕಣ್ಣೀರು ಎಂಥದ್ದು?

ಕೊನೆಗೆ ಬಂದ ಶೋಮಾ ಉನೊ ಮೊದಲ ಜಿಗಿತದಲ್ಲೇ ಬಿದ್ದ, ಎದ್ದು ಬೆಳ್ಳಿ ಗೆದ್ದ. ಕಂಚು ಫೆರ್ನಾಂಡಿಸ್‌ಗೆ. ಅದು ಅವನ ಕೊನೆಯ ಒಲಿಂಪಿಕ್ಸ್. ಇಬ್ಬರೂ ಅಪ್ಪಿಕೊಂಡಾಗ ಚಿನ್ನ ಗೆದ್ದವನೇ ಬಿಕ್ಕಿ ಬಿಕ್ಕಿ ಅತ್ತ. ಎದುರುವೇಷ ಚೌಕಿಗೆ ಹೋಗಿ ಬಣ್ಣ ತೊಳೀತಿದೆ, ಇನ್ನು ತಾನು ಯಾರ ಜೊತೆ ಕುಣಿಯೋದು ಅಂತ ಅವನಿಗೆ ಅನ್ನಿಸಿರಬೇಕು. ಇದು ನನ್ನ ಊಹೆ.

ಚೀಟಿ ಬಂತು. ಹತ್ತು ನಿಮಿಷ ಅಂತೆ. ನಾಲ್ಕು ಅಂಶದಲ್ಲಿ ಇನ್ನೂ ಮೂರು ಉಳಿದಿದೆ, ಓಡಿಸ್ತೀನಿ.

ಅಂಕಗಳ ಜಗಳ. ಹನ್ಯೂ 2015ರಲ್ಲಿ ಬಾರ್ಸಿಲೋನಾದಲ್ಲಿ 330.43, ಚೆನ್ 2019ರಲ್ಲಿ ಟ್ಯೂರಿನ್‌ನಲ್ಲಿ 335.30. ಇದನ್ನಿಟ್ಟುಕೊಂಡು ಯಾರು ದೊಡ್ಡವರು ಅಂತ ಕಿತ್ತಾಡ್ತಾರೆ. ನಡುವೆ, 2018ರಲ್ಲಿ, ಅಳತೆಯೇ ಬದಲಾಗಿದೆ. ಒಂದೊಂದು ಜಿಗಿತದ ಗುಣಮಟ್ಟಕ್ಕೆ ಮೊದಲು ಮೂರರವರೆಗೆ ಹೆಚ್ಚು ಕಡಿಮೆ ಹಾಕ್ತಿದ್ದರು, ಈಗ ಐದರವರೆಗೆ. ಗಂಡಸರ ಎರಡನೇ ಸುತ್ತಿನಲ್ಲಿ ಅರ್ಧ ನಿಮಿಷವನ್ನೂ ಒಂದು ಜಿಗಿತವನ್ನೂ ತೆಗೆದರು. ಹಳೇ ದಾಖಲೆಗಳನ್ನು ಬೇರೆ ಪಟ್ಟಿಗೆ ಸೇರಿಸಿಟ್ಟರು. ಒಬ್ಬ ಸೇರಿನಲ್ಲಿ ಅಳೆದ ಅಕ್ಕಿ, ಇನ್ನೊಬ್ಬ ಕಿಲೋದಲ್ಲಿ ತೂಗಿದ ಅಕ್ಕಿ. ಎರಡೂ ಅನ್ನ ಆಗುತ್ತೆ, ಊಟ ಮಾಡಿ.

ಎರಡನೆಯದು ನಮ್ಮ ಜಿಲ್ಲೆಯದೇ. ಭದ್ರಾವತಿಯ ಗುಂಡಪ್ಪ ವಿಶ್ವನಾಥ್. 1980ರ ಫೆಬ್ರವರಿ, ಮುಂಬಯಿ, ಇಂಗ್ಲೆಂಡ್ ವಿರುದ್ಧದ ಟೆಸ್ಟ್. ಇಂಗ್ಲೆಂಡ್ 58ಕ್ಕೆ ಐದು ಕಳ್ಕೊಂಡಿತ್ತು. ಬಾಬ್ ಟೇಲರ್ ಔಟ್ ಅಂತ ಅಂಪೈರ್ ಬೆರಳೆತ್ತಿದರು. ನಾಯಕ ವಿಶ್ವನಾಥ್, ಚೆಂಡು ಬ್ಯಾಟಿಗೆ ತಾಗಿಲ್ಲ ಅಂತ ಅವರನ್ನು ವಾಪಸ್ ಕರೆದರು. ಟೇಲರ್, ಬಾಥಮ್ ಸೇರಿ 171 ರನ್ ಸೇರಿಸಿದರು, ನಾವು ಹತ್ತು ವಿಕೆಟ್ಟಿನಿಂದ ಸೋತೆವು. ಅಲ್ಲಿ ಎರಡನೇ ಸಾಲಿನಲ್ಲಿ ಹಿರಿಯರೊಬ್ಬರು ತಲೆ ಅಲ್ಲಾಡಿಸ್ತಿದ್ದಾರೆ, ಆ ಸೋಲು ಇನ್ನೂ ಸಂಕಟ ಕೊಡುತ್ತೆ ಅಂತ ಕಾಣ್ತದೆ. ನನಗೂ ಸಂಕಟವೇ ಸ್ವಾಮಿ. ಆದರೆ ಎದುರಾಳಿಗೆ ಸಲ್ಲಬೇಕಾದ್ದನ್ನು ಕೊಟ್ಟ ಮನುಷ್ಯ ಇಲ್ಲಿಂದ ಹದಿನೆಂಟು ಇಪ್ಪತ್ತು ಕಿಲೋಮೀಟರ್ ದೂರದ ಊರಿನವರು. ಅವರ ಊರಿನ ಪಕ್ಕದಲ್ಲೇ ಕೂತು ನಮ್ಮ ಮಕ್ಕಳು ಪಕ್ಕದ ಕುರ್ಚಿಗೆ ಬ್ಯಾಗ್ ಇಡ್ತಾರೆ ಅಂದರೆ ನನಗೆ ತಡೆಯೋದಿಲ್ಲ.

ಮೂರನೆಯದು ಬೀಜಿಂಗ್, 2022. ಒಂದೇ ಮಾತಲ್ಲಿ ಹೇಳ್ತೀನಿ. ಆಕ್ಸೆಲ್ ಜಿಗಿತಕ್ಕೆ ಮುಂದಕ್ಕೆ ಮುಖ ಮಾಡಿ ಏಳಬೇಕು, ಇಳಿಯೋದು ಹಿಂಬದಿಗೆ. ಹಾಗಾಗಿ ನಾಲ್ಕು ಅನ್ನೋದು ನಾಲ್ಕೂವರೆ ಸುತ್ತಾಗುತ್ತೆ. ಹನ್ಯೂ ಅದನ್ನು ಒಲಿಂಪಿಕ್ಸಿನಲ್ಲಿ ಪ್ರಯತ್ನಿಸಿ ಬಿದ್ದ, ನಾಲ್ಕನೆಯವನಾದ. ಚಿನ್ನ ಚೆನ್‌ಗೆ. ಜುಲೈಯಲ್ಲಿ ಹನ್ಯೂ ಸ್ಪರ್ಧೆಗಳಿಂದ ಹಿಂದೆ ಸರಿದ. ಸೆಪ್ಟೆಂಬರಿನಲ್ಲಿ ಅಮೆರಿಕದ ಹದಿನೇಳರ ಹುಡುಗ ಇಲ್ಯಾ ಮಲಿನಿನ್ ಅದೇ ಜಿಗಿತವನ್ನು ಸರಿಯಾಗಿ ಇಳಿಸಿದ. ಹನ್ಯೂವನ್ನು ನೋಡಿಯೇ ತನಗೆ ಆ ಜಿಗಿತದ ಹುಚ್ಚು ಹತ್ತಿದ್ದು ಅಂತ ಅವನೇ ಹೇಳಿಕೊಂಡಿದ್ದಾನೆ. ಇದರ ಬಗ್ಗೆ ಮಾತಾಡಕ್ಕೆ ಇನ್ನೊಂದು ಸಂಜೆ ಬೇಕು.

ಆ ಹುಡುಗಿ ಈ ಸಭೆಯಲ್ಲಿದ್ದಾಳೆ. ಹೆಸರು ಹೇಳೋದಿಲ್ಲ. ಅವಳ ಗೆಳತಿಯರೂ ಬಂದಿದ್ದಾರೆ, ನಾನೇ ಫೋನ್ ಮಾಡಿ ಕರೆದೆ. ನಿಮ್ಮಲ್ಲಿ ಯಾರನ್ನೂ ಎದ್ದು ನಿಲ್ಲಿಸೋದಿಲ್ಲ, ಹೆದರಬೇಡಿ. ದೊಡ್ಡಮ್ಮ ಹೋಗಿ ಈಗ ನಾಲ್ಕು ವರ್ಷ. ಅವರ ಮೆಟ್ಟುಗತ್ತಿ ನಮ್ಮನೆಯಲ್ಲಿದೆ.

ತಂಗಿ ಮಗಳು ಲ್ಯಾಪ್‌ಟಾಪ್ ತಂದಿದ್ದಾಳೆ, ಪರದೆಯನ್ನೂ ಕಟ್ಟಿದ್ದಾರೆ. ಹನ್ಯೂನ ಆಟ ಹಾಕ್ತಾರೆ ಅಂತ ಕಾಯ್ತಿರೋ ಮಕ್ಕಳಿಗೆ ಹೇಳ್ತೀನಿ, ಅದನ್ನು ನೀವೆಲ್ಲ ನೂರು ಸಲ ನೋಡಿದ್ದೀರಿ. ಈಗ ಹಾಕ್ತಿರೋದು ಶಾಂಘೈಯಲ್ಲಿ ಅವತ್ತು ಸಂಜೆ ಹಾನ್ ಯಾನ್ ಆಡಿದ್ದು. ನಾಲ್ಕೂವರೆ ನಿಮಿಷ. ಯಾರಾದರೂ ಆ ಬಾಗಿಲ ಹತ್ತಿರದ ಲೈಟು ಆರಿಸಿ.