ಲ್ಯೂಕ್ ಕೇಜ್‌ನ ಹರಿದ ಅಂಗಿ, ಪಕ್ಕದಲ್ಲಿದ್ದ ಇಬ್ಬರು

'ಲ್ಯೂಕ್ ಕೇಜ್' ಅಂದ ತಕ್ಷಣ ಎಲ್ಲರೂ ನ್ಯೂಯಾರ್ಕಿನ ಹಾರ್ಲೆಮ್, ಹಿಪ್‌ಹಾಪ್, ರಾಜಕೀಯ ಅಂತ ಶುರು ಮಾಡುತ್ತಾರೆ. ನಾನು ಮೈಕಟ್ಟಿನಿಂದ ಶುರು ಮಾಡುತ್ತೇನೆ. ಸುಳ್ಳು ಯಾಕೆ?

2016ರಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದ ಸೂಪರ್‌ಹೀರೋ ಸರಣಿ ಇದು. ಲ್ಯೂಕ್ ಪಾತ್ರ ಮಾಡಿದ ಮೈಕ್ ಕೋಲ್ಟರ್ ಬಾಗಿಲಲ್ಲಿ ನಿಂತರೆ ಬಾಗಿಲು ಕಾಣುವುದಿಲ್ಲ, ಅಂಥ ಆಳು. ಗುಂಡಿನ ಮಳೆ ಸುರಿದರೂ ಚರ್ಮಕ್ಕೆ ಒಂದು ಗೀರಿಲ್ಲ. ಬಟ್ಟೆ ಮಾತ್ರ ಚಿಂದಿ. ಅವನು ತೊಡುವ ಹೂಡಿಗೆ, ಅಂದರೆ ತಲೆಗವಸಿರುವ ಆ ಅಂಗಿಗೆ, ದೊಡ್ಡ ಅರ್ಥವಿದೆ. 2012ರಲ್ಲಿ ಫ್ಲಾರಿಡಾದಲ್ಲಿ ಟ್ರೇವಾನ್ ಮಾರ್ಟಿನ್ ಎಂಬ 17 ವರ್ಷದ ಕಪ್ಪು ಹುಡುಗ ಗುಂಡೇಟಿಗೆ ಸತ್ತಾಗ ಹೂಡಿ ಹಾಕಿಕೊಂಡಿದ್ದ. ಅದನ್ನೇ ತೊಟ್ಟ ಕಪ್ಪು ಗಂಡಸು ಇಲ್ಲಿ ಸಾಯುವುದಿಲ್ಲ. ಸರಿ. ಆದರೆ ಅದೇ ತೂತುಗಳಲ್ಲಿ ಅವನ ಎದೆಯೂ ಕಾಣುತ್ತದೆ, ಅಲ್ವಾ? ಕ್ಯಾಮೆರಾಗೆ ಅದು ಚೆನ್ನಾಗಿ ಗೊತ್ತು. 1972ರ ಕಾಮಿಕ್ಸ್‌ನಲ್ಲೂ ಅವನ ಹಳದಿ ಅಂಗಿ ತೆರೆದೇ ಇರುತ್ತಿತ್ತು, ಸೊಂಟಕ್ಕೆ ಸರಪಳಿ ಬೇರೆ.

ಇಷ್ಟೆಲ್ಲ ತೋರಿಸುವಾಗ ಸರಣಿಗೆ ಸ್ವಲ್ಪ ಅಳುಕೂ ಇದೆ ಅನಿಸುತ್ತದೆ. ಅದಕ್ಕೇ ಆ 'ಕಾಫಿ' ಜೋಕು. ನಮಗೆ ಕಾಫಿ ಅಂದರೆ ಕಾಫಿ. ಅಲ್ಲಿ ಅದು ಹಾಸಿಗೆಗೆ ಕರೆಯುವ ಮಾತು. ಗಾಬರಿಯಾಗಬೇಡಿ, ನಮ್ಮ ಹೀರೋಗೆ ಹೆಂಗಸರೇ ಇಷ್ಟ ಅಂತ ಮತ್ತೆ ಮತ್ತೆ ಹೇಳಿದ ಹಾಗೆ. ಗಂಡಸರು ಅವನನ್ನು ನೋಡಬಹುದು, ಮೆಚ್ಚಬಹುದು, ಅವನ ಹಾಗೇ ತೂತುಬಿದ್ದ ಹೂಡಿ ತೊಟ್ಟು ಓಡಾಡಬಹುದು. ಅದರಾಚೆ ಮಾತಿಲ್ಲ.

ಆ ಮಾತು ಬರುವುದು ಖಳರ ಬಾಯಲ್ಲಿ. (ಎರಡನೇ ಸೀಸನ್ ನೋಡದವರು ಇಲ್ಲಿಗೇ ನಿಲ್ಲಿಸಿ.) ಶೇಡ್ಸ್ ಮತ್ತು ಕಮಾಂಚಿ. ಜೈಲಿನಲ್ಲಿ ಇಬ್ಬರೂ ಬರೀ ಗೆಳೆಯರಾಗಿರಲಿಲ್ಲ. 2018ರ ಸೀಸನ್‌ನಲ್ಲಿ ಸುತ್ತಿಬಳಸದೆ ಅದನ್ನು ಹೇಳಿಬಿಡುತ್ತಾರೆ. ಒಳಗೆ ನಡೆದದ್ದು ಒಳಗೇ ಇರಲಿ ಅನ್ನುವ ಧಾಟಿ ಶೇಡ್ಸ್‌ನದು, ಅವನಿಗೆ ಈಗ ಮರಾಯಾ ಎಂಬ ಪ್ರೇಯಸಿ ಇದ್ದಾಳೆ. ಕಮಾಂಚಿಗೆ ಅದು ಮುಗಿದಿಲ್ಲ. ಆ ಪಾತ್ರ ಮಾಡಿದ ಥಾಮಸ್ ಜೋನ್ಸ್ ಒಂದು ಕಾಲದ ಅಮೆರಿಕನ್ ಫುಟ್‌ಬಾಲ್ ಆಟಗಾರ. ಮೈಕಟ್ಟಿಗೆ ಏನೂ ಕೊರತೆ ಇಲ್ಲ. ಆದರೂ ನನಗೆ ನೆನಪಿರುವುದು ಅವನ ತೋಳಲ್ಲ, ಗೆಳೆಯ ಮಾತು ತಿರುಗಿಸಿದಾಗ ಸಪ್ಪಗಾದ ಮುಖ.

ಆಮೇಲೆ ಏನಾಗುತ್ತದೆ? ಕಮಾಂಚಿ ಪೊಲೀಸರಿಗೆ ಸುದ್ದಿ ಕೊಡುತ್ತಿದ್ದ ಅಂತ ಗೊತ್ತಾಗಿ ಶೇಡ್ಸ್ ಅವನಿಗೆ ಗುಂಡು ಹೊಡೆಯುತ್ತಾನೆ. ಅವನ ಮೈ ಲ್ಯೂಕ್‌ನ ಮೈಯಲ್ಲವಲ್ಲ. ಪರದೆಯ ಮೇಲೆ ಗೇ ಪ್ರೀತಿ ಬಂತು ಅಂದರೆ ಸಾವೂ ಹಿಂದೆಯೇ ಬರುವುದು ಹಳೇ ಚಾಳಿ. ಇಷ್ಟು ಜಾಣ ಸರಣಿಯೂ ಅದನ್ನೇ ಮಾಡಿತಲ್ಲ ಅಂತ ನನಗೆ ಸಿಟ್ಟು ಬಂತು. ಹಾಗಂತ ಆ ಇಬ್ಬರನ್ನು ಅಷ್ಟು ಆಸ್ಥೆಯಿಂದ ಬರೆದವರೂ ಇವರೇ. ಎರಡೂ ನಿಜ.

ಮೊನ್ನೆ ಮತ್ತೆ ಮೊದಲ ಸೀಸನ್ ಹಾಕಿದೆ. ಲ್ಯೂಕ್‌ಗೆ ಆ ಶಕ್ತಿ ಬರುವ ಮೊದಲು, ಜೈಲಿನಲ್ಲಿ ಶೇಡ್ಸ್ ಮತ್ತು ಕಮಾಂಚಿ ಸೇರಿ ಅವನನ್ನು ಹೊಡೆಯುವ ದೃಶ್ಯ. ಮೊದಲ ಸಲ ಲ್ಯೂಕ್‌ನನ್ನೇ ನೋಡುತ್ತಾ ಕೂತಿದ್ದೆ. ಈ ಸಲ ಕಣ್ಣು ಅತ್ತ ಹೋಗಲೇ ಇಲ್ಲ. ಹೊಡೆಯುವ ಇಬ್ಬರು ಎಷ್ಟು ಹತ್ತಿರ ನಿಂತಿದ್ದಾರೆ ಅಂತ ನೋಡುತ್ತಿದ್ದೆ.